ಬರಬ್ಯಾಡ, ಬಂದಬಿಡ

ಮೂವತ್ತು ವರ್ಷಕ್ಕೂ ಮೇಲ್ಪಟ್ಟು ನಾನು ಮಕ್ಕಳ ಕಿವಿ ಹಿಂಡಿದವಳು. ಮೊದಲು ಇಂಡಿ ತಾಲ್ಲೂಕು, ಆಮೇಲೆ ಸಿಂದಗಿ, ಕೊನೆಗೆ ಬಸವನ ಬಾಗೇವಾಡಿ. ಪಾಠ ಕೇಳದ ಹುಡುಗರಿಗೆ ನನ್ನದು ಒಂದೇ ಪ್ರಶ್ನೆ: "ಕಿವಿ ಎಲ್ಲಿ ಇಟ್ಟು ಬಂದೀರಿ?" ನಿವೃತ್ತಿಯಾಗುವ ಹೊತ್ತಿಗೆ ಆ ಪ್ರಶ್ನೆಯನ್ನು ನನಗೇ ಕೇಳಬೇಕಿತ್ತು. ಕೇಳುವ ಧೈರ್ಯ ಯಾರಿಗಿತ್ತು? ಹಿಂದಿನ ಸಾಲಿನ ಮಕ್ಕಳು ಗೊಣಗುತ್ತಾರೆಂದು ಬೈದೆ. ಟೀವಿಯವರು ಮಾತು ನುಂಗುತ್ತಾರೆಂದು ಬೈದೆ. ಫೋನು ಬಂದರೆ ನೆಟ್‌ವರ್ಕಿಗೆ ಬೈದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಇಡೀ ಜಿಲ್ಲೆಯ ನೆಲವನ್ನೇ ಡೊಂಕು ಮಾಡಿಟ್ಟಿದ್ದೆ.

ನನಗೆ ಒಬ್ಬಳೇ ತಂಗಿ. ನಾವಿಬ್ಬರೂ ಹುಟ್ಟಿದ್ದು ಕನ್ನೊಳ್ಳಿಯಲ್ಲಿ. ಅವಳನ್ನು ಕೊಟ್ಟದ್ದು ಮುದ್ದೇಬಿಹಾಳದಾಚೆ ತಂಗಡಗಿಗೆ. ನನ್ನದು ಏರುದನಿ, ಅವಳದು ತಗ್ಗು. ಚಿಕ್ಕಂದಿನಿಂದ ಅವಳ ಪಾಲಿನ ಮಾತನ್ನೂ ನಾನೇ ಆಡಿ ಮುಗಿಸುತ್ತಿದ್ದೆ. ಎರಡೂ ಮೊಣಕಾಲು ಸವೆದು ನಡೆಯಲಾಗದಿದ್ದರೂ ಅವಳು ಎಣ್ಣೆ ತಿಕ್ಕಿಕೊಳ್ಳುತ್ತ ನಾಲ್ಕು ವರ್ಷ ಕಳೆದಳು. ಹೋದಾಗಲೆಲ್ಲ ಬೈದೆ. ಒಂದು ಸಲ ಅವಳೂ ತಿರುಗಿ ಅಂದಳು: "ಅಕ್ಕಾ, ಬೈಯಾಕ ಬರೂದಿದ್ರ ಬರಬ್ಯಾಡ." ಆ ಮಾತು ನನಗೆ ನಟ್ಟಿತು.

ಮುಂದೆ ಅವಳೇ ಒಪ್ಪಿ ವಿಜಯಪುರದಲ್ಲಿ ಆಪರೇಷನ್ನಿಗೆ ದಿನ ಗೊತ್ತು ಮಾಡಿದಳು. ಮೊದಲು ಬಲಗಾಲು, ವರ್ಷ ಬಿಟ್ಟು ಎಡಗಾಲು. ನಾನು ಎರಡು ಸೀರೆ ಬ್ಯಾಗಿಗೆ ಹಾಕಿಕೊಂಡು ಕುಳಿತಿದ್ದೆ. ಹಿಂದಿನ ದಿನ ಮಧ್ಯಾಹ್ನ ಅವಳ ಫೋನು ಬಂತು. ಹಿಟ್ಟಿನ ಕೈಯಲ್ಲೇ ಎತ್ತಿಕೊಂಡೆ. ಆಸ್ಪತ್ರೆ, ಡಾಕ್ಟರು ಎಂದು ಏನೇನೋ ಹೇಳಿ, ಕೊನೆಗೆ ಒಂದು ಮಾತು ಅಂದು ಇಟ್ಟಳು. ನನಗೆ ಕೇಳಿಸಿದ್ದು: "ಅಕ್ಕಾ, ನೀ ಬರಬ್ಯಾಡ."

ಇನ್ನೊಮ್ಮೆ ಹೇಳು ಅನ್ನಲಿಲ್ಲ. ಯಾಕೆ ಅನ್ನಬೇಕು? ಬೇಡವಾದವಳು ಬೇಡವಾದ ಹಾಗೆ ಇರುತ್ತೇನೆ ಅಂದುಕೊಂಡೆ. ಸೀರೆಗಳನ್ನು ತಿರುಗಿ ಕಪಾಟಿಗೆ ಇಟ್ಟೆ, ಉಳಿದ ರೊಟ್ಟಿ ಬಡಿದೆ. ಆಪರೇಷನ್ ಆಯಿತು ಎಂದು ಅವಳ ಮಗ ಫೋನು ಮಾಡಿದಾಗ "ಛಲೋ ಆತು" ಎಂದಷ್ಟೇ ಅಂದೆ. ಆಮೇಲೆ ಏಳು ತಿಂಗಳು ಅವಳೂ ಫೋನು ಮಾಡಲಿಲ್ಲ, ನಾನೂ ಮಾಡಲಿಲ್ಲ.

ಏಳು ತಿಂಗಳ ಮೇಲೆ ಇಂಡಿಯಲ್ಲಿ ನಮ್ಮ ಸೋದರಮಾವನ ಮೊಮ್ಮಗಳ ಕುಬಸ, ಚೊಚ್ಚಲ ಬಸಿರಿನ ಸೀಮಂತ. ತಂಗಿ ಕೋಲೂರಿಕೊಂಡು ಸೊಸೆಯ ಜೊತೆ ಬಂದಳು. ಊಟದ ಪಂಕ್ತಿಯಲ್ಲಿ ಕುರ್ಚಿ ಹಾಕಿ ಅವಳನ್ನು ನನ್ನ ಎದುರಿಗೇ ಕೂರಿಸಿದರು. ಸುಮ್ಮನೆ ಹೋಳಿಗೆ ತಿಂದು ಏಳಬಹುದಿತ್ತು. ನನ್ನ ನಾಲಿಗೆ ಬಿಡಬೇಕಲ್ಲ.

"ಬರಬ್ಯಾಡ ಅಂದವರ ಕಾಲು ಈಗ ಹ್ಯಾಂಗ ಐತಿ?" ಅಂದೆ.

ಅವಳು ನನ್ನನ್ನೇ ನೋಡಿದಳು. "ನಾ ಯಾವಾಗ ಬರಬ್ಯಾಡ ಅಂದೆ? ಬಂದಬಿಡ ಅಂದೆ. ಒಳಗ ಒಯ್ಯೂತನಕ ಬಾಗಲಾ ನೋಡಕೋಂತ ಮಲಗಿದ್ದೆ. ನೀ ಬರಲಿಲ್ಲ."

"ನನ್ನ ಕಿವೀಲೆ ಕೇಳೇನಿ. ಸುಳ್ಳ ಹೇಳಬ್ಯಾಡ."

ಪಂಕ್ತಿಯೆಲ್ಲ ಕೈ ನಿಲ್ಲಿಸಿತು. ಸೊಸೆ ಬುದ್ಧಿವಂತೆ. "ದೊಡ್ಡವ್ವಾರ, ಜಗಳ ಯಾಕ್ರಿ? ಅತ್ತಿಯವರ ಫೋನಿನ್ಯಾಗ ಎಲ್ಲಾ ಮಾತು ತಾನ ರೆಕಾರ್ಡ್ ಆಗ್ತಾವು. ಅವತ್ತಿಂದೂ ಇರಬೇಕು" ಎಂದು ಎಡಗೈಯಲ್ಲಿ ಹುಡುಕಿ ತೆಗೆದಳು. ದನಿ ದೊಡ್ಡದು ಮಾಡಿ ಹಚ್ಚಿದಳು. ನಾನು ಫೋನನ್ನು ಇಸಿದುಕೊಂಡು ಕಿವಿಗೇ ಒತ್ತಿಕೊಂಡೆ.

ತಂಗಿಯ ದನಿ ಬಂತು. ಕೊನೆಯ ಮಾತೂ ಬಂತು. ಬರಬ್ಯಾಡ.

"ಕೇಳಿದ್ರೆಲ್ಲಾರೂ? ಬರಬ್ಯಾಡ ಅಂತಾಳ" ಅಂದೆ. ಮತ್ತೆ ಹಚ್ಚಿಸಿದೆ. ಬರಬ್ಯಾಡ. ಮೂರನೇ ಸಲವೂ ಅದೇ. ಸಾರಿನ ಬಕೆಟ್ ಹಿಡಿದು ನಿಂತಿದ್ದ ಹೆಣ್ಣುಮಗಳೊಬ್ಬಳು, ನಮ್ಮ ಬಳಗದವಳೂ ಅಲ್ಲ, ಬಡಿಸಲು ಬಂದವಳು, ಮೆಲ್ಲಗೆ ಬಗ್ಗಿ ನನ್ನ ಮುಖದ ಹತ್ತಿರ ಬಂದು ಹೇಳಿದಳು: "ಬಂದಬಿಡ ಅಂತಾರಲ್ರಿ, ಅಕ್ಕೋರ."

ಆಗ ತಂಗಿಯ ಮುಖ ನೋಡಿದೆ. ಸಿಟ್ಟಿದ್ದರೆ ತಡೆದುಕೊಳ್ಳುತ್ತಿದ್ದೆ. ಇರಲಿಲ್ಲ. ಅವಳಿಗೆ ನನ್ನ ಮೇಲೆ ಕನಿಕರ ಬಂದಿತ್ತು. ನನಗೆ ಆಗ ಆದಷ್ಟು ನಾಚಿಕೆ ಅದಕ್ಕಿಂತ ಮೊದಲೂ ಆಗಿರಲಿಲ್ಲ, ಆಮೇಲೂ ಆಗಿಲ್ಲ. ಎದ್ದು ಕೈ ತೊಳೆದುಕೊಂಡೆ.

ಎಡಗಾಲಿನ ಸರದಿಗೆ ಇನ್ನೂ ಐದು ತಿಂಗಳಿತ್ತು. ಇನ್ನೊಮ್ಮೆ ಅವಳು ಕರೆದರೆ ಕರೆದದ್ದು ನನಗೆ ತಿಳಿಯಬೇಕು. ನನಗೆ ಬೇಕಾಗಿದ್ದುದು ಅಷ್ಟೇ. ಆದರೂ ನೆಟ್ಟಗೆ ಡಾಕ್ಟರ ಕಡೆ ಹೋದೆನೆಂದು ತಿಳಿಯಬೇಡಿ. ನಮ್ಮ ಓಣಿಯ ತುದಿಗೆ ಒಂದು ಬಟ್ಟೆ ಅಂಗಡಿಯಿದೆ. ಅದರ ಯಜಮಾನರಿಗೆ ಓಣಿಯೆಲ್ಲ ಚಾಚಾ ಎನ್ನುತ್ತದೆ. ಅವರು ಎರಡು ವರ್ಷದಿಂದ ಕಿವಿಗೆ ಮಷೀನು ಹಾಕುತ್ತಿದ್ದರು. ಬ್ಲೌಸ್ ಪೀಸ್ ನೋಡುವ ನೆಪ ಮಾಡಿಕೊಂಡು ಹೋಗಿ ಕುಳಿತೆ.

"ಹಾಕ್ಕೊಂಡ್ರ ಮಂದಿಗೆ ಕಾಣತೈತೇನ್ರಿ?" ಅಂದೆ.

"ಕಾಣತೈತ್ರಿ, ಅಕ್ಕೋರ. ಇಷ್ಟ ದಿನ ಕಿವುಡ ಕಾಣತಿದ್ದಿಲ್ಲೇನು?"

"ಕಿವುಡ ಅನಬ್ಯಾಡ್ರಿ. ಕಿವಿ ಮಂದ ಅನ್ರಿ."

"ಆತು, ಮಂದ" ಎಂದು ಅವರು ಬಟ್ಟೆ ಮಡಚಿದರು. ಇದ್ದ ಕಿವಿಯೂ ಮಷೀನಿಗೆ ರೂಢಿಯಾಗಿ ಸೋಮಾರಿಯಾದರೆ ಏನು ಗತಿ ಎಂದು ಕೇಳಿದೆ. ನನ್ನ ಮೂಗಿನ ಮೇಲಿನ ಚಾಳೀಸು ತೋರಿಸಿ, ಇದರಿಂದ ಕಣ್ಣು ಸೋಮಾರಿಯಾದವೇ ಎಂದರು. ಒಂದೇ ಕಿವಿಗೆ ಹಾಕಿಕೊಂಡರೆ ಸಾಲದೇ ಎಂದೆ. "ಒಂದ ಕಾಲಿಗೆ ಚಪ್ಪಲಿ ಮೆಟ್ಟಿ ಬಜಾರಕ್ಕ ಹೋಗ್ತೀರೇನು? ಎರಡೂ ಕಿವಿ ಮಂದ ಇದ್ರ ಎರಡಕ್ಕೂ ಹಾಕ್ರಿ." ದಿನವಿಡೀ ಹಾಕಬೇಕೇ ಎಂದೆ. "ಜಳಕಕ್ಕ ತಗದಿಡ್ರಿ, ಮಲಗುವಾಗ ತಗದಿಡ್ರಿ. ಮದುವಿ ಮನಿಗಷ್ಟ ಹಾಕ್ಕೊಂಡು ಹೋಗಾಕ ಅದೇನು ದಾಗೀನಲ್ಲ."

ಕೊನೆಗೆ ನಿಜವಾಗಿ ಕೇಳಬೇಕಾದ್ದನ್ನು ಕೇಳಿದೆ. "ಮೊದಲಿನಂಗ ಕೇಳತೈತೇನು?"

ಚಾಚಾ ಆಗ ಚೇಷ್ಟೆ ಮಾಡಲಿಲ್ಲ. "ಇಲ್ಲರಿ. ಮೊದಲಿನಂಗ ಕೇಳೂದಿಲ್ಲ. ಮೊದಲನೇ ತಿಂಗಳ ನಮ್ಮಾಕಿ ಮಾತಿಗಿಂತ ಪಾತ್ರಿ ಸಪ್ಪಳನ ಜಾಸ್ತಿ ಕೇಳತಿತ್ತು. ತಡಕೋಬೇಕು."

ವಿಜಯಪುರದಲ್ಲಿ ಕಿವಿ ಪರೀಕ್ಷೆ ಮಾಡಿದವಳು ನನ್ನ ಕೊನೆಯ ವರ್ಷದ ಮಕ್ಕಳಿಗಿಂತ ತುಸು ದೊಡ್ಡವಳಿರಬೇಕು. ಮೊದಲು ದೀಪ ಹಿಡಿದು ಕಿವಿಯೊಳಗೆ ನೋಡಿದಳು. ಆಮೇಲೆ ಗಾಳಿಯಾಡದ ಸಣ್ಣ ಕೋಣೆಯಲ್ಲಿ ಕೂರಿಸಿ, ಕೀ ಎನ್ನುವ ಸದ್ದು ಕೇಳಿಸಿದಾಗ ಗುಂಡಿ ಒತ್ತಿರಿ ಅಂದಳು. ಅದಾದ ಮೇಲೆ ಬಾಯಿಗೆ ಕಾಗದ ಅಡ್ಡ ಹಿಡಿದು ಒಂದೊಂದೇ ಮಾತು ಹೇಳಿದಳು; ನಾನು ತಿರುಗಿ ಹೇಳಬೇಕು. ಬಾಯಿ ಕಾಣದಿದ್ದರೆ ಅರ್ಧಕ್ಕರ್ಧ ತಪ್ಪು. ನಾನು ಇಷ್ಟು ವರ್ಷ ಕೇಳುತ್ತಿರಲಿಲ್ಲ, ತುಟಿ ಓದುತ್ತಿದ್ದೆ. ಫೋನಿಗೆ ತುಟಿಯಿಲ್ಲ.

"ದಪ್ಪ ಸಪ್ಪಳ ಕೇಳತೈತ್ರಿ ನಿಮಗ, ಸಣ್ಣವು ತಪ್ಪತಾವು" ಎಂದು ಅವಳು ಗೆರೆ ಎಳೆದ ಕಾಗದ ತೋರಿಸಿದಳು. "ಮಾತಿನ್ಯಾಗ ಒಂದೆರಡು ಅಕ್ಷರ ಬಿಟ್ಟು ಹೋಗ್ತಾವು. ಬಿಟ್ಟ ಜಾಗಾ ಮನಸ್ಸು ತಾನ ತುಂಬಕೋತೈತಿ."

ಬಿಟ್ಟ ಸ್ಥಳ ತುಂಬಿರಿ ಎಂದು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ನನ್ನ ಮನಸ್ಸು ತುಂಬಿಕೊಂಡದ್ದು ಬರಬ್ಯಾಡ ಎಂದು. ಕರೆಯುತ್ತಾಳೆ ಎಂಬ ನಂಬಿಕೆ ಇದ್ದಿದ್ದರೆ ಬಂದಬಿಡ ಎಂದು ತುಂಬಿಕೊಳ್ಳುತ್ತಿತ್ತು. ತಪ್ಪು ಬರೀ ಕಿವಿಯದಲ್ಲ.

"ಮಷೀನು ಹಾಕ್ಕೊಂಡ್ರ ಫೋನಿನ್ಯಾಗ ನಮ್ಮ ತಂಗಿ ಮಾತು ತಪ್ಪದಂಗ ಕೇಳತೈತೇನವ್ವಾ?" ಎಂದೆ.

"ಈಗಿನಕಿಂತ ಛಲೋ ಕೇಳತೈತ್ರಿ. ತಪ್ಪ ಆಗೂದಽ ಇಲ್ಲ ಅಂತ ಹೇಳಾಕ ಬರಂಗಿಲ್ಲ. ಅನುಮಾನ ಬಂದ್ರ ಇನ್ನೊಮ್ಮೆ ಹೇಳು ಅನ್ರಿ. ಅದರಾಗ ಸಣ್ಣತನ ಏನೈತಿ?"

ಮಷೀನು ಬಂದ ಮೊದಲ ವಾರ ನನ್ನ ಬಳೆಗಳ ಸದ್ದಿಗೇ ತಲೆನೋವು ಬಂತು. ಪೇಪರು ಮಡಚಿದರೆ ಸಪ್ಪಳ, ಚಪ್ಪಲಿ ಎಳೆದರೆ ಸಪ್ಪಳ, ಫ್ಯಾನು ಇಷ್ಟು ವರ್ಷ ಕಿರುಗುಟ್ಟುತ್ತಿತ್ತೆಂದು ಗೊತ್ತೇ ಇರಲಿಲ್ಲ. ಎರಡು ಸಲ ಕಿತ್ತು ಮೇಜಿನ ಮೇಲೆ ಎಸೆದೆ. ಎರಡು ಸಲವೂ ಎಡಗಾಲು ನೆನಪಾಗಿ ಮತ್ತೆ ಹಾಕಿಕೊಂಡೆ. ವಿಜಯಪುರಕ್ಕೆ ತಿರುಗಿ ಹೋಗಿ ಸದ್ದು ಸರಿ ಮಾಡಿಸಿಕೊಂಡು ಬಂದೆ. ತಿಂಗಳೊಪ್ಪತ್ತಿನಲ್ಲಿ ಸಪ್ಪಳಗಳು ತಮ್ಮ ತಮ್ಮ ಜಾಗಕ್ಕೆ ಹೋದವು, ಮಾತು ಮುಂದೆ ಬಂತು.

ಆಗ ತಂಗಿಗೆ ಫೋನು ಮಾಡಿ ಆ ರೆಕಾರ್ಡು ಕಳಿಸು ಎಂದೆ.

"ಅಳಿಸಿ ಹಾಕೇನಿ, ಅಕ್ಕಾ. ಅವತ್ತಽ ಇಂಡಿಯೊಳಗ ಅಳಿಸಿಸಿದೆ."

"ಯಾಕ?"

"ನೀ ಅದನ್ನ ಹಚ್ಚಿಕೊಂಡು ಅಳಕೋಂತ ಕೂಡ್ತಿದ್ದಿ. ನನಗ ಗೊತ್ತಿಲ್ಲೇನು ನಿನ್ನ?"

ಹೀಗಾಗಿ ಅವಳು ಬಂದಬಿಡ ಅಂದದ್ದನ್ನು ನಾನು ಇವತ್ತಿಗೂ ಕೇಳಿಲ್ಲ.

ಎಡಗಾಲಿನ ದಿನ ಗೊತ್ತಾಯಿತು. ಬಿಸಿಲು ಕಾಲ. ಹಿಂದಿನ ದಿನ ಮಧ್ಯಾಹ್ನ ಅವಳ ಫೋನು ಬಂದಾಗ ನಾನು ರೊಟ್ಟಿ ಬಡಿಯುವುದನ್ನು ಬಿಟ್ಟು, ಕೈ ತೊಳೆದು, ಕುಳಿತು ಎತ್ತಿಕೊಂಡೆ.

"ಬಿಸಲ ಭಾಳ ಐತಿ. ನಿನಗೂ ಬಿ.ಪಿ. ಐತಿ. ಹೋದ ಸಲ ಹ್ಯಾಂಗೋ ಆತು, ಈ ಸಲಾನೂ ಆಗತೈತಿ" ಅಂದಳು. ಆಮೇಲೆ ಒಂದು ಮಾತು ಅಂದಳು.

"ಇನ್ನೊಮ್ಮೆ ಹೇಳು" ಅಂದೆ.

"ಬರಬ್ಯಾಡ ಅಂದೆ."

ಅಕ್ಷರ ಅಕ್ಷರವೂ ಕೇಳಿಸಿತು. ಅದರ ಹಿಂದೆ ಅವಳು ಉಸಿರು ನುಂಗಿದ್ದೂ ಕೇಳಿಸಿತು. ಫೋನು ಇಟ್ಟು, ಎರಡು ಸೀರೆ ಬ್ಯಾಗಿಗೆ ಹಾಕಿಕೊಂಡು, ವಿಜಯಪುರದ ಬಸ್ಸು ಹತ್ತಿದೆ.

ಆಸ್ಪತ್ರೆಯಲ್ಲಿ ಅವಳು ಬಾಗಿಲ ಕಡೆಗೇ ಮುಖ ಮಾಡಿ ಮಲಗಿದ್ದಳು. ನನ್ನನ್ನು ನೋಡಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ಬರಬ್ಯಾಡ ಅಂದಿದ್ನಲ್ಲ. ಕೇಳಲಿಲ್ಲೇನು?"

"ಇಲ್ಲವ್ವಾ" ಅಂದೆ. "ನಾ ಕಿವುಡಿ."