ಗೊರಗುಡುವ ರೇಡಿಯೋದೊಂದಿಗೆ ಬಾದಾಮಿಯಿಂದ ಇಳಕಲ್ಲಿಗೆ

ನನ್ನ ಮೊಮ್ಮಗಳು ವೇಣಿಗೆ ಅಂಗಡಿ ಸಿಕ್ಕಿತು! ಇಳಕಲ್ಲಿನ ಬಸ್ ಸ್ಟ್ಯಾಂಡ್ ಹತ್ತಿರ, ರಸ್ತೆಗೇ ಮುಖ ಮಾಡಿದ ಅಂಗಡಿ. ರೇಡಿಯೋ, ಟಿ.ವಿ., ಗಾಡಿ ವೈರಿಂಗ್ ಎಲ್ಲ ರಿಪೇರಿ ಮಾಡುತ್ತಾಳೆ. ಸಂತೋಷ ಎದೆಯಲ್ಲಿ ಹಿಡಿಸಲಿಲ್ಲ, ಅದಕ್ಕೇ ಮೊದಲು ಹೇಳಿಬಿಟ್ಟೆ.

ಅಂಗಡಿ ನಮ್ಮ ಓಣಿಯ ಕಾಸೀಮನದು. ಟೈರ್ ಮಾರುವವನೊಬ್ಬನೂ ಅದನ್ನು ಬಾಡಿಗೆಗೆ ಕೇಳಿದ್ದ. ಕಾಸೀಮನ ಬಳಿ ಅವನ ಅಪ್ಪನ ಕಾಲದ ಬಿಳಿ ಕಾರಿದೆ. ಎಂಜಿನ್ ಚಾಲೂ ಆದರೆ ಸಾಕು, ಅದರ ರೇಡಿಯೋ ಗೊರಗುಡುತ್ತದೆ. ಬಾದಾಮಿಯಿಂದ ಇಳಕಲ್ಲು ಮುಟ್ಟುವುದರೊಳಗೆ ಅದನ್ನು ನಿಲ್ಲಿಸಿದರೆ ಅಂಗಡಿ ವೇಣಿಗೆ ಎಂದಿದ್ದ. ನಿಲ್ಲದಿದ್ದರೆ ಸೋಮವಾರದಿಂದ ಸೀರೆ ಅಂಗಡಿಯಲ್ಲಿ ಸೀರೆ ಮಡಚಲು ಹೋಗಬೇಕು ಎಂದು ಅವಳಪ್ಪ, ಅಂದರೆ ನನ್ನ ಮಗ, ಹೇಳಿ ಮುಗಿಸಿದ್ದ.

ಬೆಳಗಿನ ಬಸ್ಸಿಗೆ ಅಜ್ಜಿ ಮೊಮ್ಮಗಳು ಬಾಗಲಕೋಟೆಗೆ ಹೊರಟೆವು. ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ; ಆಧಾರ್ ಕಾರ್ಡ್ ತೋರಿಸಿ ಕಿಟಕಿ ಸೀಟು ಹಿಡಿದೆ. ದಾರಿಯಲ್ಲಿ ಅಣೆಕಟ್ಟಿನ ಹಿನ್ನೀರು ಕಂಡಿತು. ನನ್ನ ತವರುಮನೆ ಅದರ ಕೆಳಗಿದೆ. ಪೇಟೆಯಲ್ಲಿ ವೇಣಿ ಹೆಬ್ಬೆರಳು ಗಾತ್ರದ ಎರಡು ಕಂಡೆನ್ಸರ್ ಕೊಂಡಳು. ಎಂಜಿನ್ನಿನ ಗದ್ದಲ ರೇಡಿಯೋದತ್ತ ಹೋಗದಂತೆ ಅವು ತಡೆಯುತ್ತವಂತೆ.

ಅಲ್ಲಿಂದ ಇನ್ನೊಂದು ಬಸ್ಸಿಗೆ ಬಾದಾಮಿ ಸೇರಿದೆವು. ಬಿಸಿಲು ಬಂಡೆಯಿಂದ ಪುಟಿದು ಮುಖಕ್ಕೆ ಹೊಡೆಯುತ್ತಿತ್ತು. ಕಾಸೀಮ ಅಲ್ಲಿ ಕಾರಿಗೆ ಹೊಸ ಬಣ್ಣ ಹೊಡೆಸಿದ್ದ. ವೇಣಿ ಬಾನೆಟ್ ಎತ್ತಿ ಕಂಡೆನ್ಸರ್ ಕೂರಿಸಿದಳು. ಹೊರಟೆವು. ಚಟಪಟ ಸದ್ದು ಕಡಿಮೆಯಾಗಿತ್ತು. ಗೊರಗೊರ ಮಾತ್ರ ಹಾಡಿನ ಮೇಲೆ ಹಾಗೇ ಕೂತಿತ್ತು, ಗಾಡಿ ಜೋರಾದಷ್ಟೂ ಏರುತ್ತಿತ್ತು.

ಅಮೀನಗಡ ದಾಟಿದ ಮೇಲೆ ಕಾಸೀಮ, “ಟೈರಿನಾವ ಫೋನ್ ಮಾಡಿದ್ದ. ಊರಿಗೆ ಬಂದ ಹೇಳ್ತೇನಿ ಅಂದೇನಿ,” ಅಂದ.

ವೇಣಿಯ ಮುಖ ಇಳಿಯಿತು. “ಕಾಕಾ, ಮೊದಲೂ ಇಷ್ಟ ಇತ್ತೇನ್ರಿ?”

“ಎಲ್ಲಿ ಬಿಡವಾ! ಸಣ್ಣಗ ಇತ್ತು. ಇವತ್ತ ನೋಡು, ಗಿರಣಿ ಚಾಲೂ ಆದಂಗ ಆಗೇತಿ.”

ಹುನಗುಂದದಲ್ಲಿ ಚಹಾಕ್ಕೆ ನಿಂತೆವು. ಎಂಜಿನ್ ಬಂದ್ ಮಾಡಬೇಡಿರಿ ಎಂದು ಹೇಳಿ ವೇಣಿ ರೇಡಿಯೋ ಹಿಂದೆ ಕೈಹಾಕಿ ಏರಿಯಲ್ ಕಡ್ಡಿಯ ವೈರ್ ಕಿತ್ತಳು. ಹಾಡೂ ಹೋಯಿತು, ಗೊರಗೊರವೂ ಹೋಯಿತು.

“ಏರಿಯಲ್ ಕಡಿಂದನ ಬರಾಕತ್ತೇತಿ ಕಾಕಾ. ಅದರ ಬುಡ ಗಾಡಿ ಕಬ್ಬಿಣಕ್ಕ ಹತ್ತಬೇಕು. ನಡಕ ಹೊಸಾ ಬಣ್ಣ ಕುಂತೇತಿ. ಬಿಚ್ಚಿ ಕೆರೀಬೇಕ್ರಿ.”

“ಹೊಸಾ ಬಣ್ಣಾ ಕೆರೀತಿ? ತಲಿ ಕೆಟ್ಟೈತೇನ?”

ನನಗೆ ತಡೆಯಲಾಗಲಿಲ್ಲ. “ಯಾಕೋ ಕಾಸೀಮಾ, ಏರಿಯಲ್ ಬುಡಕ ಬಗ್ಗಿ ನೋಡಾವ್ರು ಯಾರೋ? ನಿಮ್ಮ ಬೀಗರೇನು?”

ಅವನು ನಗಲಿಲ್ಲ. ಬಾನೆಟ್ ಮೇಲೆ ಕೈಯಾಡಿಸಿದ. “ನಮ್ಮಪ್ಪನ ಗಾಡಿ ಐತಿ, ಅವ್ವಾ. ಸಣ್ಣಗ ಕೆರೀಲಿ,” ಎಂದು ತಾನೇ ನಟ್ಟು ಬಿಚ್ಚುವ ಪಾನಾ ತಂದು ವೇಣಿಯ ಕೈಗೆ ಕೊಟ್ಟ.

ವೇಣಿ ಏರಿಯಲ್ ಬಿಚ್ಚಿ, ಬುಡ ಕೂರುವಷ್ಟೇ ಜಾಗ ಕೆರೆದಳು. ಬಿಳಿ ಪುಡಿ ಉದುರಿ ಕಬ್ಬಿಣ ಮಿಂಚಿತು. ಬಿಗಿದಳು. ವೈರ್ ಸಿಕ್ಕಿಸಿದಳು.

ಹಾಡು ಬಂತು. ಹಾಡು ಮಾತ್ರ.

ಕಾಸೀಮ ಎಕ್ಸಿಲರೇಟರ್ ಒತ್ತಿದ, ಬಿಟ್ಟ, ಮತ್ತೆ ಒತ್ತಿದ. ಗೊರಗೊರ ಏಳಲೇ ಇಲ್ಲ. ಅಲ್ಲಿಂದ ಇಳಕಲ್ಲಿಗೆ ಹದಿನೈದು ಕಿಲೋಮೀಟರ್ ಹತ್ತಿರ. ಅಷ್ಟು ದಾರಿಯೂ ನಾವು ರೇಡಿಯೋಕ್ಕೇ ಕಿವಿಗೊಟ್ಟು ಕೂತೆವು. ಊರ ಬಾಯಿಗೆ ಬಂದಾಗ ಕಾಸೀಮ ಗಾಡಿ ನಿಲ್ಲಿಸಿ ಫೋನ್ ತೆಗೆದ. “ಇಲ್ಲಪಾ, ಅಂಗಡಿ ನಮ್ಮ ಹುಡುಗಿಗೆ ಕೊಟ್ಟೇನಿ,” ಅಂದ. ವೇಣಿ ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು. ನಾನಂತೂ ಜೋರಾಗಿಯೇ ಅತ್ತೆ.

ಸಂಜೆ ಮನೆಯವರೆಲ್ಲ ಸಾಲಾಗಿ ಊಟಕ್ಕೆ ಕೂತೆವು. ಬಿಸಿ ರೊಟ್ಟಿ, ಎಣ್ಣೆಗಾಯಿ ಪಲ್ಯ, ಮೊಸರು. ಸುದ್ದಿ ಕೇಳಿದ್ದ ನನ್ನ ಮಗ ಬೆಣ್ಣೆಯ ಬಟ್ಟಲನ್ನು ಹತ್ತಿರ ಎಳೆದುಕೊಂಡ. ವೇಣಿ ತಲೆ ತಗ್ಗಿಸಿ ರೊಟ್ಟಿ ಮುರಿಯುತ್ತಿದ್ದಳು.

“ನಾಳೆ ಅಂಗಡಿ ಬಾಗಲಾ ಎಷ್ಟಕ್ಕ ತಗೀತಿ?” ಎಂದು ಅವಳಪ್ಪ ಕೇಳಿದ.

“ಎಂಟಕ್ಕ, ಅಪ್ಪಾ.”

“ಹಂಗಾರ ನಾ ಮುಂಚೆ ಹೋಗಿ ಕಸಾ ಹೊಡದ ಇಡ್ತೇನಿ,” ಎಂದು ಅವಳ ತಾಟಿಗೆ ಬೆಣ್ಣೆ ಹಾಕಿದ. ಎಲ್ಲರೂ ಹೊಟ್ಟೆ ತುಂಬ ಉಂಡೆವು.