ಮೊದಲನೆಯ ನಕ್ಷತ್ರದ ಕಾವು

ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆ. ಮಂಡ್ಯದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಹೇಳುತ್ತ, ಅಲ್ಲಿಯ ಹಿರಿಯ ಮೇಷ್ಟರ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದೆ. ಮುಂದಿನ ವಾರ ಅವರಿಗೆ ನಿವೃತ್ತಿ. ಅಷ್ಟರೊಳಗೆ ನನ್ನ ಪ್ರಬಂಧಕ್ಕೆ ಅವರ ಸಹಿ ಬೀಳದಿದ್ದರೆ ಬೇರೆ ಗುರುವನ್ನು ಹುಡುಕಿ ಮೊದಲಿನಿಂದ ಶುರುಮಾಡಬೇಕಿತ್ತು.

ನನ್ನ ವಿಷಯ ಎಳೆಯ ನಕ್ಷತ್ರಗಳು. ಸೂರ್ಯನಿಗಿಂತ ಕೆಲವು ಪಟ್ಟು ತೂಕದವು, ಹುಟ್ಟಿದ ಮೋಡದಿಂದ ಇನ್ನೂ ಪೂರ್ತಿ ಹೊರಬಾರದವು. ಸುತ್ತಲಿನ ದೂಳು ಅವುಗಳ ಬೆಳಕನ್ನು ಕುಡಿದು, ಕಣ್ಣಿಗೆ ಕಾಣದ ಅವಕೆಂಪು ಕಾವಾಗಿ ಹೊರಗೆ ಬಿಡುತ್ತದೆ. ನಕ್ಷತ್ರದ ಮೈಬಿಸಿಗೆ ಎಷ್ಟು ಕಾವು ಬರಬೇಕೋ ಅದಕ್ಕಿಂತ ಹೆಚ್ಚು ಬಂದರೆ ಇದು ಎಳೆಯದು ಎಂದು ಗುರುತಿಸುತ್ತಿದ್ದೆವು. ನನ್ನ ಪಟ್ಟಿಯಲ್ಲಿ ಅಂಥವು ಏಳಿದ್ದವು. ಮೊದಲನೆಯದನ್ನು ಮೇಷ್ಟರೇ ಹಿಂದೆ ಗುರುತಿಸಿ ಪ್ರಕಟಿಸಿದ್ದರು. ಅವರ ಜೀವಮಾನದ ಒಂದೇ ಹೆಗ್ಗಳಿಕೆ ಅದು. ಬೀಳ್ಕೊಡುಗೆಯ ಭಾಷಣಗಳೂ ಅದರ ಸುತ್ತಲೇ ಸಿದ್ಧವಾಗುತ್ತಿದ್ದವು.

ಭಾನುವಾರ ಮಳವಳ್ಳಿಯ ಮನೆಗೆ ಹೋಗಿದ್ದೆ. ಅಂಗಳದಲ್ಲಿ ಕಲಾಯಿ ಸಾಬರು ಗುಂಡಿ ತೋಡಿ, ಇದ್ದಿಲು ಹೊತ್ತಿಸಿ, ಅಮ್ಮನ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದರು. ಮುಗಿಸಿ ಪಕ್ಕಕ್ಕಿಟ್ಟಿದ್ದ ಪಾತ್ರೆಯೊಂದರ ಹತ್ತಿರ ಕೈ ಚಾಚಿದೆ. ಬಿಸಿ ಹೊಡೆಯಿತು.

“ಇದಿನ್ನೂ ಆರಿಲ್ಲ,” ಎಂದೆ.

“ಅದು ಆಗ್ಲೇ ಆರೈತೆ ಕಣಮ್ಮ. ನಿಮ್ ಕೈಗೆ ತಾಕ್ತಿರೋದು ಗುಂಡಿ ಕಾವು. ಪಾತ್ರೆನ ಅತ್ಲಾಗ್ ತಗಂಡೋಗಿ ನೋಡಿ.”

ತೆಗೆದುಕೊಂಡು ಹೋದೆ. ತಣ್ಣಗಿತ್ತು. ನನ್ನ ಪಟ್ಟಿಯ ಮೊದಲನೆಯ ನಕ್ಷತ್ರ ನೆನಪಾಯಿತು.

ನಮ್ಮ ಉಪಕರಣವೂ ಹಾಗೆಯೇ. ದೂರದರ್ಶಕದ ಪುಟ್ಟ ರಂಧ್ರದೊಳಗೆ ಬಿದ್ದ ಕಾವನ್ನೆಲ್ಲ ಒಟ್ಟಿಗೆ ಅಳೆಯುತ್ತದೆ, ಯಾರದೆಂದು ಕೇಳುವುದಿಲ್ಲ. ಒಳಗೆ ಬೇರೆ ನಕ್ಷತ್ರ ಸೇರಿಲ್ಲ ಎಂದು ಖಾತ್ರಿ ಮಾಡಿಕೊಳ್ಳಲು ಆಕಾಶದ ಎರಡು ಫೋಟೋ ನೋಡಬೇಕು: ನೀಲಿ ಬೆಳಕಿನಲ್ಲಿ ತೆಗೆದದ್ದೊಂದು, ಕೆಂಪಿನಲ್ಲಿ ತೆಗೆದದ್ದೊಂದು. ನೀಲಿಯಲ್ಲಿ ಚುಕ್ಕಿಗಳು ಚೊಕ್ಕವಾಗಿರುತ್ತವೆಂದು ಮೇಷ್ಟರು ಅದನ್ನೊಂದೇ ನೋಡಿದ್ದರು. ಉಳಿದ ಆರನ್ನು ನಾನು ಎರಡರಲ್ಲೂ ನೋಡಿದ್ದೆ. ಮೊದಲನೆಯದನ್ನು ಗುರುಗಳೇ ನೋಡಿದ್ದಾರಲ್ಲ ಎಂದು ಬಿಟ್ಟಿದ್ದೆ. ಕಡಿಮೆ ಬಿಸಿಯ ಕೆಂಪು ನಕ್ಷತ್ರ ನೀಲಿಯಲ್ಲಿ ಕಾಣಿಸುವುದೇ ಇಲ್ಲ, ಆದರೆ ಅದರ ಕಾವು ಅಳತೆಗೆ ಸೇರಿಬಿಡುತ್ತದೆ. ಗೊತ್ತಿದ್ದೂ ನೋಡದ ನನ್ನ ಬುದ್ಧಿಗೆ ಏನೆನ್ನಬೇಕು!

“ಊಟ ಮಾಡ್ಕೊಂಡಾದ್ರೂ ಹೋಗೇ,” ಎಂದು ಅಮ್ಮ ಕೂಗುತ್ತಿದ್ದಂತೆಯೇ ಬಸ್ಸು ಹತ್ತಿದೆ. ಮದ್ದೂರಿನಲ್ಲಿ ಬಸ್ಸು ನಿಂತಾಗ ಇಳಿದು ವಾಪಸು ಹೋಗಿಬಿಡಲೇ ಅನ್ನಿಸಿತು. ಹೇಳಿದರೆ ಗುರುದ್ರೋಹ, ಹೇಳದಿದ್ದರೆ ಸುಳ್ಳು. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಾಗಿದ್ದೆ. ಎಲ್ಲ ನನ್ನ ಭ್ರಮೆಯಾಗಿರಲಿ ಎಂದು ದೇವರಿಗೆ ಕೈಮುಗಿದೆ.

ಕಾಲೇಜಿನ ಪ್ರಯೋಗಾಲಯದ ಬೀಗದ ಕೈ ನನ್ನಲ್ಲೇ ಇತ್ತು. ಕೆಂಪು ಫೋಟೋದ ಮೇಲೆ ಭೂತಗನ್ನಡಿ ಹಿಡಿದೆ. ಮೊದಲನೆಯ ನಕ್ಷತ್ರಕ್ಕೆ ಅಂಟಿಕೊಂಡಂತೆ ಇನ್ನೊಂದು ಚುಕ್ಕಿ ಇತ್ತು, ರಂಧ್ರದ ಅಳತೆಯ ಒಳಗೇ.

ಸಂಜೆ ಮೇಷ್ಟರ ಮನೆಗೆ ಹೋದೆ. ಪ್ರಬಂಧ, ಫೋಟೋ, ಭೂತಗನ್ನಡಿ ಮೂರನ್ನೂ ಅವರ ಮುಂದಿಟ್ಟೆ. ಅವರು ಭೂತಗನ್ನಡಿ ಹಿಡಿದು ಬಗ್ಗಿ ನೋಡಿದರು.

“ಬೇರೆ ಯಾರಿಗಾದ್ರೂ ತೋರಿಸಿದ್ಯೇನಮ್ಮ?”

“ಇಲ್ಲ ಸಾರ್.”

ಆ ಗಳಿಗೆಯಲ್ಲಿ ಅವರು ಮುಚ್ಚಿಡು ಎಂದಿದ್ದರೆ ಮುಚ್ಚಿಡುತ್ತಿದ್ದೆ. ಅಷ್ಟು ಭಯವಾಗಿತ್ತು.

“ಉಳಿದ ಆರು ಗಟ್ಟಿಯಾಗಿವೆಯಾ?”

“ಗಟ್ಟಿಯಾಗಿವೆ ಸಾರ್.”

“ಹಾಗಾದ್ರೆ ಇದನ್ನ ತೆಗಿ. ಯಾಕೆ ತೆಗೆದೆ ಅಂತ ಬರಿ.”

ಅಲ್ಲೇ ಕೂತು ಬರೆದೆ. ಅವರ ಹೆಸರು ಬರೆಯಲು ಕೈ ಬರಲಿಲ್ಲ. ‘ಈ ನಕ್ಷತ್ರವನ್ನು ಹಿಂದೊಬ್ಬರು ಎಳೆಯದೆಂದು ತಪ್ಪಾಗಿ ಗುರುತಿಸಿದ್ದರು’ ಎಂದಷ್ಟೇ ಬರೆದು ಹಾಳೆ ಕೊಟ್ಟೆ. ಮೇಷ್ಟರು ಓದಿದರು. ಜೇಬಿನಿಂದ ಪೆನ್ನು ತೆಗೆದು ‘ಹಿಂದೊಬ್ಬರು’ ಎಂಬುದನ್ನು ಹೊಡೆದುಹಾಕಿ, ಅದರ ಮೇಲೆ ತಮ್ಮ ಪೂರ್ತಿ ಹೆಸರನ್ನು ಇನಿಷಿಯಲ್ ಸಮೇತ ಬರೆದರು. ಆಮೇಲೆ ಪ್ರಬಂಧಕ್ಕೆ ಸಹಿ ಹಾಕಿದರು.