ಒಂದಡಿಗೆ ಹನ್ನೆರಡಡಿ

ಗಾರೆ ಕೆಲಸದಲ್ಲಿ ಮೂವತ್ತೊಂದು ವರ್ಷ ಕಳೆದ ಮೇಲೆ ದೇವರಾಜು ಮೇಸ್ತ್ರಿ ಮೊದಲ ಸಲ ತಾವು ಕಟ್ಟಿದ್ದನ್ನು ತಾವೇ ಒಡೆದರು. ಅದೂ ಯಾರೂ ಒಡೆಯಿರಿ ಅನ್ನದೆ.

ಹುಟ್ಟಿದ್ದು ಕಡಕೊಳದಲ್ಲಿ, ಈಗ ಇರುವುದು ಮೈಸೂರಿನ ಉದಯಗಿರಿಯ ಎರಡು ಕೋಣೆಯ ಮನೆಯಲ್ಲಿ. ಮೆಟ್ಟಿಲು ಕಟ್ಟುವುದರಲ್ಲಿ ಅವರದು ಎತ್ತಿದ ಕೈ. ದೇವರಾಜು ಕಟ್ಟಿದ ಮೆಟ್ಟಿಲ ಮೇಲೆ ತುಂಬಿದ ಲೋಟ ಇಟ್ಟರೆ ನೀರು ಯಾವ ಕಡೆಗೂ ವಾಲುವುದಿಲ್ಲ ಎಂದು ಕಂಟ್ರಾಕ್ಟರುಗಳೇ ಹೇಳುತ್ತಿದ್ದರು.

ಯಾದವಗಿರಿಯ ಅಲಮೇಲು ಅವರ ಮನೆಯಿಂದ ಕರೆ ಬಂದದ್ದು ಕಳೆದ ಜನವರಿಯಲ್ಲಿ. ಅಲಮೇಲು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದವರು. ಬೆನ್ನುಹುರಿಯಲ್ಲಿ ಗಡ್ಡೆ ಬೆಳೆದು, ಆಪರೇಷನ್ ಆದರೂ ಸೊಂಟದಿಂದ ಕೆಳಗೆ ಸ್ವಾಧೀನ ತಪ್ಪಿತ್ತು. ಜೊತೆಗಿದ್ದವಳು ತಂಗಿಯ ಮಗಳು ಸುಷ್ಮಿತಾ. ಮನೆ ಮುಂದೆ ನಾಲ್ಕು ಮೆಟ್ಟಿಲು. ಎಂಟು ತಿಂಗಳಲ್ಲಿ ಅಲಮೇಲು ಅವನ್ನು ಇಳಿದದ್ದು ಆಸ್ಪತ್ರೆಗೆ ಹೋಗುವಾಗ ಮಾತ್ರ, ಇಬ್ಬರು ಗಾಲಿಕುರ್ಚಿ ಸಮೇತ ಎತ್ತಿಕೊಂಡು ಇಳಿಸಿದಾಗ.

"ಒಂದು ರ‍್ಯಾಂಪ್ ಮಾಡ್ಕೊಡಿ" ಎಂದಳು ಸುಷ್ಮಿತಾ.

ದೇವರಾಜುಗೆ ಅದೇನು ದೊಡ್ಡ ಕೆಲಸ ಅನ್ನಿಸಲಿಲ್ಲ. ಸ್ಕೂಟರ್ ಹತ್ತಿಸುವ ಇಳಿಜಾರುಗಳನ್ನು ಎಷ್ಟೋ ಮನೆಗೆ ಮಾಡಿದ್ದರು. ಎರಡಡಿ ಎತ್ತರಕ್ಕೆ ಏಳಡಿ ಉದ್ದ ಹಾಕಿ, ಮೇಲೆ ಕನ್ನಡಿಯಂತೆ ನುಣ್ಣಗೆ ತೀಡಿ, ಒಂದು ವಾರ ನೀರುಣಿಸಿ, "ನೋಡಿ ಅಮ್ಮಾವ್ರೇ" ಅಂದರು.

ಅಲಮೇಲು ಜಗುಲಿಯ ಅಂಚಿಗೆ ಬಂದು ಕೆಳಗೆ ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು: "ಮೇಸ್ತ್ರಿ, ಒಳಗೆ ಇನ್ನೊಂದು ಹಳೇ ಗಾಲಿಕುರ್ಚಿ ಇದೆ. ಅದರಲ್ಲಿ ಕೂತು ನೀವೇ ಒಂದ್ಸಲ ಹತ್ತಿ ತೋರಿಸ್ತೀರಾ?"

ದೇವರಾಜು ನಗುತ್ತಲೇ ಕೂತರು. ಇಟ್ಟಿಗೆ ಹೊತ್ತ ತೋಳು. ಎರಡು ತಳ್ಳು ತಳ್ಳುವಷ್ಟರಲ್ಲಿ ನಗು ನಿಂತಿತು. ಅರ್ಧ ದಾರಿಯಲ್ಲಿ ಮುಂದಿನ ಸಣ್ಣ ಗಾಲಿಗಳು ನೆಲ ಬಿಟ್ಟು ಮೇಲೆದ್ದವು, ಕುರ್ಚಿ ಹಿಂದಕ್ಕೆ ವಾಲಿತು. ಸುಷ್ಮಿತಾ ಓಡಿ ಬಂದು ಹಿಡಿಯದಿದ್ದರೆ ತಲೆ ಕಲ್ಲಿಗೆ ಬಡಿಯುತ್ತಿತ್ತು.

"ಬಿದ್ದೇಬುಡ್ತಿದ್ದೆ ಕಣವ್ವ" ಎಂದರು, ಎದೆ ಮೇಲೆ ಕೈಯಿಟ್ಟುಕೊಂಡು.

"ತಪ್ಪು ನಂದೂ ಇದೆ, ಮೊದಲೇ ಹೇಳಬೇಕಿತ್ತು" ಅಂದರು ಅಲಮೇಲು. "ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದ ಇರಬೇಕಂತೆ. ಹಾಗಿದ್ರೆ ನನ್ನಂಥೋಳು ಯಾರ ಕೈಯೂ ಇಲ್ಲದೆ ಹತ್ತಬಹುದು. ಹೋಗಲಿ ಬಿಡಿ. ಸುಷ್ಮಿತಾ ತಳ್ತಾಳೆ."

ಮರುದಿನ ಬೆಳಿಗ್ಗೆ ಏಳು ಗಂಟೆಗೆ ಮನೆ ಮುಂದೆ ಸುತ್ತಿಗೆಯ ಸದ್ದು. ಸುಷ್ಮಿತಾ ಬಾಗಿಲು ತೆರೆದಾಗ ಇಳಿಜಾರು ಆಗಲೇ ಅರ್ಧ ಪುಡಿಯಾಗಿತ್ತು.

ಆಮೇಲೆ ಎರಡು ದಿನ ಮೇಸ್ತ್ರಿ ಕಲ್ಲಿಗೆ ಕೈ ಹಚ್ಚಲಿಲ್ಲ. ಜಗುಲಿಯ ನೆಲದಲ್ಲಿ ಕುಕ್ಕರುಗಾಲಲ್ಲಿ ಕೂತು ಸೀಮೆಸುಣ್ಣದಲ್ಲಿ ಗೀಚುವುದು, ಅಲಮೇಲು ಮೇಲಿನಿಂದ ನೋಡಿ ತಿದ್ದುವುದು. ಬೇಕಾದದ್ದು ಇಪ್ಪತ್ನಾಲ್ಕಡಿ, ಗೇಟಿನವರೆಗೆ ಇದ್ದದ್ದೇ ಹದಿನಾರು. ನಡುವೆ ಒಂದು ಸಂಪಿಗೆ ಮರ ಬೇರೆ.

"ಮರ ತೆಗೆದ್ರೆ ಸಲೀಸು" ಅಂದರು ದೇವರಾಜು.

"ಅದನ್ನ ಬಿಟ್ಟು ಯೋಚನೆ ಮಾಡಿ."

ಕೊನೆಗೆ ಇಳಿಜಾರನ್ನು ಗೋಡೆಯ ಪಕ್ಕಕ್ಕೇ ಹನ್ನೆರಡಡಿ ಒಯ್ದು, ಮರದ ಕೆಳಗೆ ಐದಡಿಯ ಸಮತಟ್ಟು ಜಾಗ ಮಾಡಿ, ಅಲ್ಲಿಂದ ಉಳಿದ ಹನ್ನೆರಡಡಿಯನ್ನು ಗೇಟಿನ ಕಡೆಗೆ ತಿರುಗಿಸಿದರು. ಗಾಲಿ ಜಾರಿ ಹೊರಗೆ ಹೋಗದಂತೆ ಅಂಚಿಗೆ ಎರಡಿಂಚಿನ ತಡೆ. ಎರಡೂ ಕಡೆ ಹಿಡಿಕಂಬಿ. ಮೇಲ್ಮೈ ಮಾತ್ರ ನುಣ್ಣಗಿರಬಾರದು ಎಂದಿದ್ದರು ಅಲಮೇಲು. ಹಸಿ ಸಿಮೆಂಟಿನ ಮೇಲೆ ಪೊರಕೆಯಿಂದ ಗೀರು ಎಳೆಯುವಾಗ ದೇವರಾಜುಗೆ ಕೈ ಬರಲಿಲ್ಲ. ಒರಟು ಕೆಲಸ ಮಾಡಿ ಗೊತ್ತಿದ್ದ ಕೈಯಲ್ಲ ಅದು.

ಒಣಗಿದ ಮೇಲೆ ಅಲಮೇಲು ಇಳಿದರು. ಸುಷ್ಮಿತಾ ಕೈ ಚಾಚಿದಾಗ, "ಮುಟ್ಟಬೇಡ ಕಣೆ" ಅಂದರು. ಮರದ ಕೆಳಗೆ ಒಂದು ಗಳಿಗೆ ನಿಂತರು, ತಿರುಗಿದರು, ಗೇಟಿನ ಚಿಲಕ ತಾವೇ ತೆಗೆದು ಬೀದಿಗಿಳಿದು ಮರೆಯಾದರು.

ಹತ್ತು ನಿಮಿಷವಾಯಿತು. ಇಪ್ಪತ್ತಾಯಿತು.

"ಹೋಗಿ ನೋಡ್ಲಾ?" ಸುಷ್ಮಿತಾ ಚಪ್ಪಲಿ ಮೆಟ್ಟಿದಳು.

"ಬುಡವ್ವ, ಬತ್ತಾರೆ" ಎಂದರು ದೇವರಾಜು. ಆದರೆ ಅವರೂ ಗೇಟಿನ ಕಡೆಗೇ ನೋಡುತ್ತಿದ್ದರು.

ಅಲಮೇಲು ಬಂದಾಗ ಮುಖ ಬೆವತಿತ್ತು, ಮಡಿಲಲ್ಲಿ ಒಂದು ಕಟ್ಟು ಕೊತ್ತಂಬರಿ ಸೊಪ್ಪಿತ್ತು. "ಗಾಡಿಯವನ ಹತ್ತಿರ ಚೌಕಾಸಿ ಮಾಡಿ ತಂದೆ" ಎಂದು ಅದನ್ನು ಎತ್ತಿ ತೋರಿಸಿದರು. ಹೇಳುತ್ತಿದ್ದಂತೆ ಅವರ ಕಣ್ಣು ತುಂಬಿತು. ದೇವರಾಜು ಗಾರೆ ಮೆತ್ತುವ ಕರಣೆ ತೊಳೆಯುವ ನೆಪದಲ್ಲಿ ನಲ್ಲಿಯ ಕಡೆ ಹೋದರು.

ಅಂದು ಬಸ್ಸಿನಲ್ಲಿ ಅವರಿಗೆ ತಮ್ಮನ ನೆನಪು ಬಿಡಲಿಲ್ಲ. ತಮ್ಮ ಮಹದೇವುಗೆ ಮೂರು ವರ್ಷಕ್ಕೇ ಪೋಲಿಯೊ ಬಂದು ಎರಡೂ ಕಾಲು ಸೊರಗಿದ್ದವು. ದೇವರಾಜು ಅವನನ್ನು ಬೆನ್ನ ಮೇಲೆ ಹೊತ್ತು ಸ್ಕೂಲಿಗೆ ಒಯ್ಯುತ್ತಿದ್ದರು. ಹದಿನಾಲ್ಕಕ್ಕೆ ತಾವು ಮೈಸೂರಿಗೆ ಕೆಲಸಕ್ಕೆ ಬಂದರು. ತಮ್ಮನ ಓದು ನಾಲ್ಕನೇ ಕ್ಲಾಸಿಗೇ ನಿಂತಿತು. ಮಹದೇವು ಅದಕ್ಕಾಗಿ ಒಂದು ದಿನವೂ ದೂರಿದವನಲ್ಲ. ಹೊಲಿಗೆ ಕಲಿತ. ಈಗ ಮನೆಯಲ್ಲೇ ಕೂತು ಊರ ಹೆಂಗಸರ ರವಿಕೆ ಹೊಲಿಯುತ್ತಾನೆ. ಅವನಿಗೂ ಒಂದು ಗಾಲಿಕುರ್ಚಿಯಿದೆ. ಆದರೂ ಇಷ್ಟು ವರ್ಷ ಊರವರ ಮೆಟ್ಟಿಲನ್ನೆಲ್ಲ ಕಟ್ಟಿದ ತನಗೆ ತಮ್ಮನ ಗಾಲಿಯ ನೆನಪೇ ಆಗಲಿಲ್ಲವಲ್ಲ ಎಂದು ದೇವರಾಜು ಕೊರಗಿದರು.

ಭಾನುವಾರ ಕಡಕೊಳಕ್ಕೆ ಹೋಗಿ, "ನಿನ್ ಮನೆಗೊಂದು ರ‍್ಯಾಂಪ್ ಮಾಡ್ತೀನಿ ಕಣೋ" ಅಂದರು.

ಮಹದೇವು ನಕ್ಕ. "ನನ್ ಮನೆಗೆ ಮೆಟ್ಲೇ ಇಲ್ವಲ್ಲಣ್ಣ, ಯಾವುದಕ್ಕೆ ಮಾಡೀಯೆ?"

"ಮತ್ತೆ ಎಲ್ಲಿ ಬೇಕು ಹೇಳು."

ಮಹದೇವು ತಲೆ ತಗ್ಗಿಸಿ ದಾರ ಸುತ್ತತೊಡಗಿದ. ಹೇಳಲು ನಾಚಿಕೆಯಾದಂತಿತ್ತು. "ಲೋಕೇಶನ ಸಲೂನಿಗೆ ಮಾಡ್ಕೊಡು."

"ಅವನೇ ಮನೆಗೆ ಬಂದು ಕಟಿಂಗ್ ಮಾಡ್ತಾನಲ್ಲೋ?"

"ಬತ್ತಾನೆ. ಹತ್ತು ನಿಮಿಷದಲ್ಲಿ ಮುಗಿಸಿ ಓಯ್ತಾನೆ. ಅಂಗಡಿ ಮುಂದೆ ಓಗೋವಾಗೆಲ್ಲ ಒಳಗೆ ನಾಲ್ಕು ಜನ ಕೂತು ನಗ್ತಾ ಇರ್ತಾರೆ. ಏನಕ್ಕೆ ನಗ್ತಾರೋ ನಂಗೆ ಗೊತ್ತಾಗಲ್ಲ."

ದೇವರಾಜು ಅಳತೆ ಟೇಪು ತೆಗೆದುಕೊಂಡು ಲೋಕೇಶನ ಅಂಗಡಿಯ ಕಡೆ ನಡೆದರು.

ಸಲೂನು ಚರಂಡಿಯ ಮೇಲೆ ಒಂದಡಿ ಎತ್ತರದಲ್ಲಿತ್ತು, ಅಂಗಡಿಯ ಮುಂಭಾಗ ಒಂಬತ್ತಡಿ. ಉಳಿದ ಮೂರಡಿ ಪಕ್ಕದ ಪುನೀತನ ಮೊಬೈಲ್ ಅಂಗಡಿಯ ಮುಂದೆ ಹಾಯಬೇಕು. ಪುನೀತ್ ಮೊದಲು ಒಪ್ಪಲಿಲ್ಲ. "ನನ್ ಗಿರಾಕಿಗಳು ಎಡವಿ ಬೀಳ್ತಾರೆ ಕಣ್ರೀ." ದೇವರಾಜು ವಾದ ಮಾಡದೆ ಅವನ ಬಾಗಿಲ ಮುಂದೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಎತ್ತರ ಗೊತ್ತಾಗಲೆಂದು ಒಂದು ಇಟ್ಟಿಗೆಯನ್ನು ಮಲಗಿಸಿಟ್ಟರು. "ನಿನ್ ಕಡೆ ಬರೋದು ಇಷ್ಟೇ, ಮೂರಿಂಚು." ಪುನೀತ್ ಇಟ್ಟಿಗೆ ನೋಡಿದ. ರಸ್ತೆಯಾಚೆ ಕುರ್ಚಿಯಲ್ಲಿ ಕಾಯುತ್ತಿದ್ದ ಮಹದೇವುವನ್ನು ನೋಡಿದ. "ಆಯ್ತು, ಮಾಡ್ಕೊಳಿ" ಅಂದ.

ಎರಡು ವಾರ ಕಳೆದು ಮಹದೇವು ಇಸ್ತ್ರಿ ಮಾಡಿದ ಶರಟು ಹಾಕಿಕೊಂಡು ಬಂದ. ದೇವರಾಜು ಹಿಂದೆ ನಿಂತರು, ತಳ್ಳಲಿಲ್ಲ. ಮಹದೇವು ಏದುಸಿರು ಬಿಡುತ್ತ, ಒಂದೊಂದೇ ತಳ್ಳಿಗೆ ಹತ್ತಿ, ಹೊಸ್ತಿಲು ದಾಟಿ ಒಳಗೆ ಹೋದ. ಬೆಂಚಿನ ಮೇಲೆ ಇಬ್ಬರು ಕಾಯುತ್ತಿದ್ದರು.

"ಬಾ ಮಹದೇವಣ್ಣ, ನಿಂದೇ ಮೊದ್ಲು" ಅಂದ ಲೋಕೇಶ್, ಬಿಳಿ ಬಟ್ಟೆ ಕೊಡವುತ್ತ.

"ಬ್ಯಾಡ, ಇವರದಾಗ್ಲಿ."

ಅವರಿಬ್ಬರದಾಯಿತು. ಆಗ ಮೂರನೆಯವನು ಬಂದ. ಮಹದೇವು ಅವನನ್ನೂ ಮುಂದೆ ಕಳಿಸಿದ.

"ಯಾಕೋ, ಒತ್ತಾಗ್ಲಿಲ್ವಾ?" ಬಾಗಿಲಲ್ಲಿ ನಿಂತಿದ್ದ ದೇವರಾಜು ಕೇಳಿದರು.

"ಸುಮ್ಕೆ ಕೂತ್ಕೊಳಣ್ಣ" ಎಂದ ಮಹದೇವು, ಪೇಪರಿನ ಹಾಳೆ ಮಗುಚುತ್ತ. "ಈಗಷ್ಟೇ ಮಾತು ಶುರುವಾಗ್ಯದೆ."

ದೇವರಾಜು ಚಪ್ಪಲಿ ಬಿಟ್ಟು ಒಳಗೆ ಬಂದು ತಮ್ಮನ ಪಕ್ಕ ಬೆಂಚಿನ ಮೇಲೆ ಕೂತರು.